ಅಸ್ತರಿನ ಕೆಳಗಿನ ಗಿಳಿ

ಕಲಾಘರ್ ನೋಡಿಕೊಳ್ಳುವ ಹುಡುಗಿ ಹೇತಲ್ ಸ್ಕೂಟರಿನಿಂದ ಇಳಿದು ಅಂಗಳಕ್ಕೆ ಕಾಲಿಡುವ ಮೊದಲೇ ಕೂಗಿದಳು: “ಮೋಂಘಿಮಾಸಿ, ಬೆಲ್ಲ ತೆಗೀರಿ! ನಿಮ್ಮ ಕಸೂತಿ ಚೀಲ ಕಾಯಂ ಗೋಡೆಗೆ ಹತ್ತತ್ತೆ!”

ಅಂಗಳದಲ್ಲಿದ್ದವರೆಲ್ಲ ಹೋ ಅಂದರು. ಮೋಂಘಿಯ ಗಂಡ ರಾಣಾಭಾಯ್ ಹಗ್ಗದ ಮಂಚದ ಮೇಲೆ ಎದ್ದು ಕೂತು ಮೀಸೆ ಸವರಿಕೊಂಡ, ಸೂಜಿ ಹಿಡಿದು ಹೊಲಿದವನು ತಾನೇ ಅನ್ನುವ ಹಾಗೆ. ಪಕ್ಕದ ಗೋಡೆಯಾಚೆಯಿಂದ ಓರಗಿತ್ತಿ ವೇಜು ಕತ್ತು ಚಾಚಿದಳು. ಇಷ್ಟೆಲ್ಲದರ ನಡುವೆ ಖುಷಿಯಾಗದೆ ಇದ್ದವಳು ಒಬ್ಬಳೇ, ಅದೂ ಯಾರಿಗೆ ಖುಷಿಯಾಗಬೇಕಿತ್ತೋ ಅವಳು. ಸಜ್ಜೆ ರೊಟ್ಟಿ ತಟ್ಟುತ್ತಿದ್ದ ಮೋಂಘಿ ಕೈಯನ್ನು ಹಿಟ್ಟಿನಲ್ಲೇ ಬಿಟ್ಟು ಸುಮ್ಮನೆ ಕೂತಳು.

ಕಲಾಘರ್ ಅನ್ನುವುದು ಭೂಕಂಪದಲ್ಲಿ ಬಿದ್ದುಹೋದ ಶಾಲೆಯ ಜಾಗದಲ್ಲಿ ಸುತ್ತಲಿನ ಹನ್ನೊಂದು ಹಟ್ಟಿಯ ಹೆಂಗಸರ ಸಂಘ ತಮ್ಮ ಕಸೂತಿಯನ್ನು ತೂಗುಹಾಕಲೆಂದು ಕಟ್ಟಿಸಿದ್ದು. ಅಲ್ಲಿ ಎರಡು ಗೋಡೆ. ಒಂದು ಬಂದು ಹೋಗುವ ಗೋಡೆ, ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಮೋಂಘಿಯ ಚೀಲ ಅಲ್ಲೇ ಗಾಜಿನ ಪೆಟ್ಟಿಗೆಯೊಳಗೆ ನೇತಾಡುತ್ತಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಇನ್ನೊಂದು ಕಾಯಂ ಗೋಡೆ. ಅಲ್ಲಿ ಹತ್ತಿದ್ದು ಇಳಿಯುವ ಮಾತಿಲ್ಲ. ಕೆಳಗೆ ಹಿತ್ತಾಳೆಯ ತಗಡಿನ ಮೇಲೆ ಹೊಲಿದವಳ ಹೆಸರು ಕೆತ್ತಿಸುತ್ತಾರೆ, ಮೊಮ್ಮಕ್ಕಳ ಮೊಮ್ಮಕ್ಕಳೂ ಓದಲಿ ಅಂತ.

ಹೆಸರು ಕೆತ್ತಿಸುವ ಮೊದಲು ಒಂದು ಕಟ್ಟಳೆ ಇದೆ. ಐದು ಹಟ್ಟಿಯ ಐದು ಮುದುಕಿಯರು ಕೂತು ಬಟ್ಟೆಯನ್ನು ಮಗುಚಿ ಹಾಕಿ ಬೆನ್ನು ಓದಬೇಕು. ಭೂಕಂಪವಾದ ವರ್ಷ ವ್ಯಾಪಾರಿಗಳು ಹಟ್ಟಿಯ ಕಸೂತಿಯನ್ನೆಲ್ಲ ಮೂಟೆಗಟ್ಟಲೆ ಸಾಗಿಸಿ, ಯಾರದ್ದೋ ಕೈಗೆ ಯಾರದ್ದೋ ಹೆಸರು ಅಂಟಿಸಿದ್ದರು. ಅದರಿಂದ ಬುದ್ಧಿ ಕಲಿತ ಮುದುಕಿಯರು ಈಗ ಬಾಯಿಮಾತು ನಂಬುವುದಿಲ್ಲ. ಬಟ್ಟೆಯ ಮುಖ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ ಅನ್ನುತ್ತಾರೆ. ಗಂಟು ಹಾಕಿದ ರೀತಿ, ದಾರ ಒಂದು ಹೂವಿನಿಂದ ಇನ್ನೊಂದು ಹೂವಿಗೆ ದಾಟಿದ ರೀತಿ ನೋಡಿ, ಇದು ಇಂಥವಳ ಕೈ ಅಂತ ಮುಖ ನೋಡಿದಷ್ಟು ಸಲೀಸಾಗಿ ಹೇಳಿಬಿಡುತ್ತಾರೆ.

“ನಿಮ್ಮ ಚೀಲಕ್ಕೆ ಒಳಗಡೆ ಕೆಂಪು ಅಸ್ತರು ಹೊಲಿದಿದ್ದೀರಲ್ಲ ಮಾಸಿ, ಅದನ್ನ ಸೋಮವಾರ ಬಿಚ್ಚಬೇಕಾಗತ್ತೆ,” ಅಂದಳು ಹೇತಲ್, ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ. “ಬೆನ್ನು ಓದೋಕೆ.”

“ಓದೋಕೆ ಏನಿದೆ ಅದರಲ್ಲಿ?” ಅಂದಳು ಮೋಂಘಿ.

“ಅಯ್ಯೋ, ಇವಳ ನಾಚಿಕೆ ನೋಡು!” ಗೋಡೆಯಾಚೆಯಿಂದ ವೇಜು ಅಂದಳು. “ನಲವತ್ತಮೂರು ವರ್ಷದಿಂದ ಮೆರೆಸಿದ್ದಾರೆ, ಇನ್ನೂ ನಾಚಿಕೆ ಹೋಗಿಲ್ಲ.” ನಮ್ಮ ಹಟ್ಟಿಯ ಪರವಾಗಿ ಬೆನ್ನು ಓದುವವಳು ಈ ವೇಜುವೇ. ನಾಲಗೆ ಅಂದರೆ ಕತ್ತಿ.

ಈಗ ನಿಜ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಎಂಥ ಮುಚ್ಚುಮರೆ? ಆ ಚೀಲವನ್ನು ಹೊಲಿದವಳು ಮೋಂಘಿಯಲ್ಲ. ಅವಳ ತಂಗಿ ಸೇಜು.

ಕುರಿ ಒಂಟೆ ಮೇಯಿಸಿಕೊಂಡು ಅಲೆಯುವ ರಬಾರಿಗಳಲ್ಲಿ ಮದುವೆ ಚಿಕ್ಕಂದಿನಲ್ಲೇ ಆಗಿಹೋಗುತ್ತಿತ್ತು. ಆದರೆ ಲಂಗ, ರವಿಕೆ, ಬಾಗಿಲ ತೋರಣ, ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆಬರೆ ತುಂಬಿ ಒಯ್ಯುವ ಚೀಲ, ಇಷ್ಟನ್ನೂ ತನ್ನ ಕೈಯಾರೆ ಕಸೂತಿ ಹಾಕಿ ಮುಗಿಸಿದ ಮೇಲೆಯೇ ಹುಡುಗಿ ಗಂಡನ ಮನೆಗೆ. ಮೋಂಘಿ ಮುಗಿಸಲಿಲ್ಲ. ಮುಗಿಸುವುದೇನು, ಶುರುವೇ ಮಾಡಲಿಲ್ಲ. ದೂರದ್ದೆಲ್ಲ ಅವಳಿಗೆ ಹದ್ದಿನ ಹಾಗೆ ಕಾಣುತ್ತಿತ್ತು. ಅರ್ಧ ಹರದಾರಿ ಆಚೆ ಹೋಗುವ ಒಂಟೆಯನ್ನು ನೋಡಿ ಯಾರ ಮನೆಯದು ಅಂತ ಹೇಳುತ್ತಿದ್ದಳು. ಹತ್ತಿರದ್ದು ಮಾತ್ರ ಬರೀ ಮಂಜು. ಸೂಜಿಯ ಕಣ್ಣು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ, ತನಗೊಬ್ಬಳಿಗೆ ಮಾತ್ರ ಕೈ ಬರುವುದಿಲ್ಲ ಅಂದುಕೊಂಡಿದ್ದಳು ಪಾಪ. ಕಳ್ಳಬೀಳುತ್ತಾಳೆ ಅಂತ ಅವಳ ತಾಯಿ ಸೌಟಿನಲ್ಲಿ ಹೊಡೆಯುತ್ತಿದ್ದಳು.

ಹತ್ತೊಂಬತ್ತು ತುಂಬಿತು. ಗಂಡನ ಮನೆಯವರು ಮೂರನೇ ಸಲ ಹೇಳಿ ಕಳಿಸಿದರು: ಮುಂದಿನ ವರ್ಷದ ವೈಶಾಖಕ್ಕೆ ಕಳಿಸಿ, ಇಲ್ಲದಿದ್ದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ. ಆ ದಿನ ಮೋಂಘಿ ಅತ್ತಿದ್ದು ನೋಡಲಾರದೆ, ಅವಳಿಗಿಂತ ಒಂದು ವರ್ಷಕ್ಕೆ ಚಿಕ್ಕವಳಾದ ಸೇಜು ತನ್ನ ಚೀಲವನ್ನು ಪಕ್ಕಕ್ಕಿಟ್ಟು ಅಕ್ಕನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಹದಿನಾಲ್ಕು ತಿಂಗಳು ಹೊಲಿದಳು; ಲಂಗ, ರವಿಕೆ, ತೋರಣ ತಾಯಿಯ ಪಾಲಿಗೆ ಬಂತು. ಎಂಥ ಕೈ ಅಂತೀರಿ! ಗಿಳಿ, ಚೇಳು, ಬೇವಿನ ಎಲೆ, ನೀರು ಹೊತ್ತ ಹೆಂಗಸರು, ನಡುನಡುವೆ ಕನ್ನಡಿ ಬಿಲ್ಲೆ. ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆ.

ನಡುವೆ ಒಂದು ಮಧ್ಯಾಹ್ನ ಸೇಜು ಸೂಜಿಯನ್ನು ಅಕ್ಕನ ಕೈಗೆ ತುರುಕಿ, “ಒಂದು ಗಿಳಿಯಾದರೂ ನೀನು ಹಾಕು. ನಾಳೆ ಯಾರಾದ್ರೂ ಕೇಳಿದ್ರೆ ನಾನೂ ಹೊಲಿದಿದ್ದೀನಿ ಅಂತ ಆಣೆ ಮಾಡೋಕಾದ್ರೂ ಆಗತ್ತೆ,” ಅಂದಿದ್ದಳು. ಮೋಂಘಿ ಬೆರಳಿನಿಂದ ತಡವಿ ತಡವಿ ನಾಲ್ಕು ದಿನ ಕೂತು ಒಂದು ಗಿಳಿ ಹಾಕಿದಳು. ಹತ್ತೂ ಬೆರಳಿಗೆ ಚುಚ್ಚಿಕೊಂಡಳು. ಗಿಳಿ ನೋಡಿ ಸೇಜು ನೆಲಕ್ಕೆ ಬಿದ್ದು ನಕ್ಕಳು. “ಗಾಡಿ ಚಕ್ರ ಹರಿದ ಕೋಳಿ ಥರ ಇದೆಯಲ್ಲೇ! ಬಿಡು ಮಾರಾಯ್ತಿ, ಬಿಚ್ಚಿಹಾಕ್ತೀನಿ.” ಮರುದಿನ ನೋಡಿದರೆ ಆ ಜಾಗದಲ್ಲಿ ಚೆಂದದ ಗಿಳಿ ಕೂತಿತ್ತು.

ಸೇಜು ಎಡಚಿ. ಎಡಗೈಯಲ್ಲಿ ಹೊಲಿದದ್ದು ಮುಂದಿನಿಂದ ಎಲ್ಲರದ್ದರ ಹಾಗೇ ಕಾಣುತ್ತದೆ, ಹಿಂದೆ ದಾರವೆಲ್ಲ ಎಡಕ್ಕೆ ಒರಗುತ್ತದೆ. ಕಂಡವರಿಗೆ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ಅವರ ತಾಯಿ ಚೀಲದ ಒಳಗೆ ಒತ್ತೊತ್ತಾಗಿ ಕೆಂಪು ಅಸ್ತರು ಹೊಲಿದು ಮುಚ್ಚಿದಳು. ಮೋಂಘಿ ಚೀಲ ಹಿಡಿದು ಗಂಡನ ಮನೆ ಸೇರಿದಳು. ಚೀಲ ನೋಡಿ ಇಡೀ ಹಟ್ಟಿ ಬೆರಗಾಯಿತು. ‘ಚೀಲದ ಮೋಂಘಿ’ ಅಂತಲೇ ಹೆಸರು ಬಂತು.

ಸೇಜುಗೂ ಒಂದು ಹೆಸರು ಬಂತು. ಹದಿನಾಲ್ಕು ತಿಂಗಳು ಕಳೆದುಕೊಂಡಿದ್ದ ಹುಡುಗಿ, ಅವಸರದಲ್ಲಿ ಅರ್ಧಂಬರ್ಧ ಮುಗಿಸಿದ ಚೀಲ ಹಿಡಿದು ಹೋದಾಗ, ಅವಳ ಅತ್ತೆ ಅದನ್ನು ನೆಂಟರ ಮುಂದೆ ಕೊಡವಿ ತೋರಿಸಿ, “ಅಕ್ಕನನ್ನ ನೋಡಿ, ತಂಗೀನ ನೋಡಿ. ಸೋಮಾರಿ!” ಅಂದಳು. ಆ ನೆಂಟರ ನಡುವೆ ಮೋಂಘಿಯೂ ಕೂತಿದ್ದಳು. ಬಾಯಿ ಬಿಡಲಿಲ್ಲ. ಅವತ್ತಿನಿಂದ ಸೇಜು, ಸೋಮಾರಿ ಸೇಜು. ಅತ್ತೆ ಸತ್ತಳು, ಹೆಸರು ಸಾಯಲಿಲ್ಲ.

ಆಮೇಲಿನದು ಸುಲಭ. ಮೋಂಘಿ ಕುರಿಮಂದೆಯ ಜೊತೆ ವರ್ಷದಲ್ಲಿ ಎಂಟು ತಿಂಗಳು ಅಲೆಯುತ್ತಿದ್ದಳು, ಹೊಲಿ ಅನ್ನುವವರು ಸಿಗುತ್ತಿರಲಿಲ್ಲ. ಹುಟ್ಟಿದ್ದು ಮೂರೂ ಗಂಡು, ಮಗಳಿಗೆ ಕಸೂತಿ ಹಾಕಿಕೊಡುವ ಗಂಡಾಂತರವೂ ತಪ್ಪಿತು. ಕಸೂತಿ ಮುಗಿಯುವಷ್ಟರಲ್ಲಿ ಹುಡುಗಿಯರು ತವರಲ್ಲೇ ಮುದುಕಿಯರಾಗುತ್ತಾರೆ, ಇನ್ನು ಸಾಕು, ಯಾರೂ ಹಾಕಕೂಡದು ಅಂತ ಒಮ್ಮೆ ಪಂಚರು ಕಟ್ಟು ಮಾಡಿದಾಗ ಹಟ್ಟಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು. ಎಲ್ಲರಿಗಿಂತ ಜೋರಾಗಿ ಅತ್ತವಳು ಮೋಂಘಿ. ಅದು ಸಂತೋಷದ ಅಳು ಅಂತ ಯಾರಿಗೆ ಗೊತ್ತು?

ಭೂಕಂಪವಾದ ಮೇಲೆ ಯಾರೋ ಬಂದು ಕಣ್ಣು ಪರೀಕ್ಷೆ ಮಾಡಿ ಅವಳಿಗೊಂದು ಕನ್ನಡಕ ಕೊಟ್ಟರು. ಹಾಕಿಕೊಂಡು ಮನೆಗೆ ಬಂದು ಮೊದಲು ನೋಡಿದ್ದು ಆ ಚೀಲವನ್ನು. ಒಂದೊಂದು ಹೊಲಿಗೆಯೂ ಕಂಡಿತು. ತಂಗಿ ತನಗಾಗಿ ಏನು ಮಾಡಿದ್ದಳು ಅನ್ನುವುದು ಅವಳಿಗೆ ಅವತ್ತೇ ಗೊತ್ತಾದದ್ದು. ಸಂಜೆಯವರೆಗೆ ಅತ್ತಳು. ಕನ್ನಡಕದ ನಂಬರು ತಪ್ಪಿರಬೇಕು, ಕಣ್ಣಲ್ಲಿ ನೀರು ಸುರಿಯುತ್ತಿದೆ ಅಂದ ರಾಣಾಭಾಯ್.

ಹೀಗಿತ್ತು ಪರಿಸ್ಥಿತಿ. ಹೇತಲ್ ಬಂದು ಹೋದ ಮರುದಿನ ಮೋಂಘಿ ಗಟ್ಟಿ ಮನಸ್ಸು ಮಾಡಿ ಕಲಾಘರ್‌ಗೆ ಹೋದಳು.

“ಹೇತಲ್, ಆ ಚೀಲದಲ್ಲಿ ನನ್ನ ಕೈಯದು ಏನೂ ಇಲ್ಲ ಮಗಳೇ.”

ಭುಜ್‌ನಲ್ಲಿ ಓದಿ ಬಂದ ಹುಡುಗಿ ಹೇತಲ್. ಬುದ್ಧಿವಂತೆ, ಆದರೆ ಬರೆದುಕೊಳ್ಳುವ ಚಟ. ಕಣ್ಣರಳಿಸಿ ಪೆನ್ನು ತೆಗೆದಳು. “ಎಷ್ಟು ಚೆನ್ನಾಗಿ ಹೇಳಿದ್ರಿ ಮಾಸಿ! ‘ನನ್ನದೇನೂ ಇಲ್ಲ, ಎಲ್ಲಾ ದೇವಿ ಮಾತಾಜಿ ಮಾಡಿಸಿದ್ದು’ ಅಂತ ತಾನೇ?”

“ಮಾತಾಜಿ ಎಲ್ಲಿ ಬಂದ್ಳು ಇದರಲ್ಲಿ?”

“ಇದನ್ನೂ ಬರ್ಕೊಳ್ತೀನಿ,” ಅಂದಳು ಹೇತಲ್. ಇಂಥವಳ ಮುಂದೆ ಏನು ಹೇಳುತ್ತೀರಿ? ಮೋಂಘಿ ಎದ್ದು ಬಂದಳು.

ಆ ರಾತ್ರಿ ಊಟ ಸೇರಲಿಲ್ಲ. ಚೀಲವನ್ನು ವಾಪಸು ತಂದುಬಿಡಲೇ? ಯಾಕೆ ಅಂತ ಕೇಳುತ್ತಾರೆ. ಇಲಿ ಕಡಿಯುತ್ತದೆ ಅನ್ನಲೇ? ಗಾಜಿನ ಪೆಟ್ಟಿಗೆಯೊಳಗೆ ಎಲ್ಲಿಯ ಇಲಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ.

ಶನಿವಾರ ಬೆಳಿಗ್ಗೆ ವೇಜು ತಾನೇ ಬಂದು, ಒಂದು ಚೊಂಬು ಮಜ್ಜಿಗೆ ಇಟ್ಟು, “ಏ, ನಿನ್ನ ಚೀಲದ ಅಸ್ತರು ಬಿಚ್ಚಲ್ವಂತೆ,” ಅಂದಳು.

“ಯಾಕೆ ಭಾಭಿ?”

“ನಾನೇ ಬೇಡ ಅಂದೆ. ಹಳೇ ಬಟ್ಟೆ, ಬಿಚ್ಚೋಕೆ ಹೋದ್ರೆ ಹರಿಯತ್ತೆ. ಮೋಂಘಿ ಕೈ ಯಾರಿಗೆ ಗೊತ್ತಿಲ್ಲ? ಅದನ್ನೇನು ಓದೋದು? ಹಾಗೇ ತೂಗುಹಾಕಿ ಅಂದೆ. ಉಳಿದ ನಾಲ್ಕು ಮುದುಕಿಯರೂ ಹೂಂ ಅಂದ್ರು.”

ಮೋಂಘಿಗೆ ಹೋದ ಜೀವ ಬಂದಂತಾಯಿತು. ವೇಜುವಿನ ಕಾಲು ಹಿಡಿಯುವುದೊಂದು ಬಾಕಿ. ಮೂರು ದಿನದ ಹಸಿವೆಲ್ಲ ಒಟ್ಟಿಗೆ ಬಂದು, ಬೆಲ್ಲ ತುಪ್ಪ ಹಚ್ಚಿ ನಾಲ್ಕು ರೊಟ್ಟಿ ತಿಂದಳು. ಗಂಡನ ಹತ್ತಿರ ಕಾರಣವಿಲ್ಲದೆ ನಗುನಗುತ್ತ ಮಾತಾಡಿದಳು. ಆತ ಹೆದರಿ, ಏನಾಯ್ತೇ ನಿನಗೆ ಅಂದ.

ಆ ಸಮಾಧಾನ ಒಂದು ದಿನವೂ ಬಾಳಲಿಲ್ಲ. ಭಾನುವಾರ ಹೇತಲ್ ಒಂದು ಕಾಗದ ತಂದಳು. ತಗಡಿನ ಮೇಲೆ ಹೀಗೆ ಕೆತ್ತಿಸುತ್ತೇವೆ, ಸರಿಯಿದೆಯೇ ನೋಡಿ ಅಂದಳು. ಮೋಂಘಿಗೆ ಓದಲು ಬಾರದು, ಹೇತಲ್ ಬೆರಳಿಟ್ಟು ಓದಿದಳು: “ಕಸೂತಿ: ಮೋಂಘಿಬೆನ್ ರಾಣಾಭಾಯ್ ರಬಾರಿ.” ಆಮೇಲೆ ಅಂದಳು: “ಹಿತ್ತಾಳೆ ಗಟ್ಟಿ ಮಾಸಿ, ನೂರು ವರ್ಷ ಆದ್ರೂ ಅಳಿಸಿಹೋಗಲ್ಲ.”

ನೂರು ವರ್ಷ. ಮೋಂಘಿ ಲೆಕ್ಕ ಹಾಕಿದಳು. ತಾನು ಹೋಗಿರುತ್ತೇನೆ, ಸೇಜು ಹೋಗಿರುತ್ತಾಳೆ. ಸೇಜುವಿನ ಮೊಮ್ಮಕ್ಕಳು ಈ ಗೋಡೆಯ ಮುಂದೆ ನಿಂತು, ಆಹಾ ಎಂಥ ಕೈ ದೊಡ್ಡಜ್ಜಿಯದು ಅನ್ನುತ್ತಾರೆ. ನಮ್ಮಜ್ಜಿ ಮಾತ್ರ ಸೋಮಾರಿಯಾಗಿದ್ದಳಂತೆ ಅನ್ನುತ್ತಾರೆ. ಚೀಲ ಮನೆಯ ಪೆಟ್ಟಿಗೆಯೊಳಗಿದ್ದಾಗ ಸುಳ್ಳೂ ಪೆಟ್ಟಿಗೆಯೊಳಗೇ ಇತ್ತು, ಹೇಗೋ ತಡೆದುಕೊಂಡಿದ್ದಳು. ಈಗ ಅದನ್ನು ಹಿತ್ತಾಳೆಯಲ್ಲಿ ಕೆತ್ತಿಸಿ ಮೊಳೆ ಹೊಡೆಯುತ್ತಾರೆ.

“ಹೇತಲ್, ಅಸ್ತರು ಬಿಚ್ಚಬೇಕು.”

“ಬೇಡ ಅಂತ ಆಗಿದೆಯಲ್ಲ ಮಾಸಿ.”

“ಬಿಚ್ಚದೆ ಇದ್ರೆ ನನ್ನ ಚೀಲ ನನಗೆ ಕೊಟ್ಬಿಡು. ನಾಳೆ ಐದೂ ಜನ ಬರಲಿ, ಬಿಚ್ಚಲಿ.”

ಮಂಚದ ಮೇಲಿಂದ ರಾಣಾಭಾಯ್, “ತಲೆಗಿಲೆ ಕೆಟ್ಟಿದೆಯಾ ಇವಳಿಗೆ!” ಅಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಮೊಬೈಲನ್ನೇ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ತಂಗಿಗೆ ಫೋನು ಮಾಡಿದಳು. ಸೇಜು ಇರುವ ಹಟ್ಟಿಗೆ ಎರಡು ಛಕಡಾ ರಿಕ್ಷಾ ಬದಲಿಸಬೇಕು. ಮದುವೆ ಮುಂಜಿಗೆ ಸಿಗುತ್ತಾರೆ, ಮೇಕೆ ಸೊಸೆ ಅಂತ ಮಾತಾಡುತ್ತಾರೆ. ನಲವತ್ತಮೂರು ವರ್ಷದಲ್ಲಿ ಚೀಲದ ಮಾತು ಇಬ್ಬರೂ ಎತ್ತಿಲ್ಲ.

“ನಾಳೆ ಬೆಳಿಗ್ಗೆ ಇಲ್ಲಿಗೆ ಬಾರೇ ಸೇಜು.”

“ಯಾಕೆ, ಯಾರಾದ್ರೂ ಹೋದ್ರಾ?”

“ಯಾರೂ ಹೋಗಿಲ್ಲ. ಚೀಲದ ಅಸ್ತರು ಬಿಚ್ತಾರೆ.”

ಆ ಕಡೆ ಸೇಜು ಅರಚುತ್ತಿದ್ದ ಮೇಕೆಯನ್ನು ಗದರಿದಳು.

“ಬಿಚ್ಚಲಿ,” ಅಂದಳು ಆಮೇಲೆ. “ನಾನು ಬಂದು ಏನು ಕಡಿದು ಕಟ್ಟೆ ಹಾಕ್ಬೇಕು?”

“ನನಗೊಬ್ಬಳಿಗೇ ಹೆದರಿಕೆ ಆಗತ್ತೆ.”

“ಹತ್ತೊಂಬತ್ತರಲ್ಲೂ ಇದೇ ಹೇಳಿದ್ದೆ,” ಅಂದು ಸೇಜು ಫೋನಿಟ್ಟಳು. ಬರುತ್ತಾಳೋ ಇಲ್ಲವೋ ತಿಳಿಯಲಿಲ್ಲ.

ಸೋಮವಾರ ಹೊತ್ತೇರುವಷ್ಟರಲ್ಲಿ ಕಲಾಘರ್‌ನ ಜಗಲಿಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಚೀಲ ಮಲಗಿಸಿದ್ದರು. ಐದು ಮುದುಕಿಯರು ಸುತ್ತ ಕೂತಿದ್ದರು, ಕರಿ ಕಂಬಳಿಯ ಸೆರಗು ಹೊದ್ದು. ನೋಡಲು ಬಂದ ಹೆಂಗಸರಿಗೆ ಜಾಗ ಸಾಲದೆ ಮೆಟ್ಟಿಲ ಮೇಲೂ ಕೂತಿದ್ದರು. ಸೇಜು ಬಂದಿದ್ದಳು. ಒಳಗೆ ಬರದೆ ಕಂಬಕ್ಕೊರಗಿ ನಿಂತಿದ್ದಳು, ಬಸ್ಸಿಗೆ ಕಾಯುವವಳ ಹಾಗೆ.

ಹೇತಲ್ ಸಣ್ಣ ಕತ್ತರಿ ತೆಗೆದು ಅಸ್ತರಿನ ಅಂಚಿಗೆ ಹಿಡಿದಳು.

“ನಿಲ್ಲು,” ಅಂದಳು ಮೋಂಘಿ. ಎದ್ದು ನಿಂತಳು. ಗೋಡೆ ಹಿಡಿದುಕೊಂಡಳು. “ಅದು ಬಿಚ್ಚಿದ ಮೇಲೆ ನಿಮಗೇ ಗೊತ್ತಾಗತ್ತೆ. ಅದಕ್ಕೆ ಮುಂಚೆ ನನ್ನ ಬಾಯಿಂದ ಕೇಳಿ. ಈ ಚೀಲ ನಾನು ಹೊಲಿದಿದ್ದಲ್ಲ. ನನಗೆ ಸೂಜಿ ಕಾಣ್ತಾನೇ ಇರಲಿಲ್ಲ. ಹೊಲಿದವಳು ನನ್ನ ತಂಗಿ ಸೇಜು. ತನ್ನದು ಬಿಟ್ಟು ನನ್ನದು ಹೊಲಿದ್ಲು. ಅವಳು ಸೋಮಾರಿ ಅಲ್ಲ. ಸೋಮಾರಿ ಅಂದಾಗ ನಾನು ಅಲ್ಲೇ ಕೂತಿದ್ದೆ, ಬಾಯಿ ಮುಚ್ಕೊಂಡು ಕೂತಿದ್ದೆ. ಅಷ್ಟೇ ನನಗೆ ಹೇಳೋಕಿರೋದು.”

ಹೇತಲ್ ಬರೆದುಕೊಳ್ಳುವುದನ್ನೇ ಮರೆತಳು. ಎಲ್ಲರ ಕಣ್ಣೂ ವೇಜುವಿನ ಬಾಯಿಯ ಮೇಲೆ. ಮೋಂಘಿ ಕಣ್ಣು ಮುಚ್ಚಿಕೊಂಡಳು, ಬೀಳುವುದು ಬೀಳಲಿ ಅಂತ.

“ಅಯ್ಯೋ ನಿನ್ನ ಮನೆ ಕಾಯವಾಗ!” ಅಂತ ವೇಜು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು. “ನಮ್ಮತ್ತೆ ಸಾಯೋವರೆಗೂ ಈ ಚೀಲ ತೋರಿಸಿ ನನ್ನ ಜೀವ ತಿಂದ್ಲಲ್ಲೇ! ‘ಕಿರಿಸೊಸೆ ಕೈ ನೋಡು, ನಿನ್ನ ಕೈ ನೋಡು, ಎಮ್ಮೆ ಕಾಲಿಗೆ ಸೂಜಿ ಕೊಟ್ಟ ಹಾಗೆ’ ಅಂತ! ನಿನ್ನ ಕೈ ಮುಂದೆ ನನ್ನ ಕೈ ಏನೂ ಅಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ? ನಿನಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ ಅಂತ ಮೊದಲೇ ಹೇಳಿದ್ರೆ ನಾವಿಬ್ರೂ ಎಷ್ಟು ಚೆನ್ನಾಗಿರ್ತಿದ್ವಿ ಮಹಾತಾಯಿ!”

ಮೆಟ್ಟಿಲ ಮೇಲಿದ್ದ ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು, ಜಗಲಿಯೆಲ್ಲ ನಗೆ. ವೇಜು ಅಳುತ್ತಲೇ ನಕ್ಕಳು. ಮೋಂಘಿಗೆ ಮಾತ್ರ ನಗಲೂ ಬಾರದು, ಅಳಲೂ ಬಾರದು. ಉಸಿರು ಸರಾಗವಾಗಿ ಬರುತ್ತಿದೆ ಅನ್ನುವುದೊಂದೇ ಅವಳಿಗೆ ತಿಳಿದದ್ದು. ನಲವತ್ತಮೂರು ವರ್ಷದ ಮೇಲೆ ರವಿಕೆಯ ಲಾಡಿ ಸಡಿಲಿಸಿದ ಹಾಗೆ.

ಐವರಲ್ಲಿ ಹಿರಿಯಳಾದ ಮುದುಕಿ ಕೈಯೆತ್ತಿದಳು. “ನಗೋದು ಆಮೇಲೆ. ಅವಳು ಹೇಳಿದ್ಲು, ನಾವು ಕೇಳಿದ್ವಿ. ಬಾಯಿಮಾತು ಕಟ್ಟಳೆಗೆ ಆಗಲ್ಲ, ಬೆನ್ನು ಓದಬೇಕು. ಎಲ್ಲಿ ಆ ಸೋಮಾರಿ ಸೇಜು?”

“ಇಲ್ಲಿದ್ದೀನಿ,” ಅಂದಳು ಸೇಜು ಕಂಬದ ಹತ್ತಿರದಿಂದ. “ಆ ಹೆಸರಿಗೆ ಓಗೊಟ್ಟು ಅಭ್ಯಾಸ ಆಗಿದೆ.”

“ನೀನು ಹೊಲಿದಿದ್ದು ಏನಾದ್ರೂ ಇದೆಯಾ?”

ಸೇಜು ಸೊಂಟದಿಂದ ಎಲೆ ಅಡಿಕೆಯ ಸಣ್ಣ ಚೀಲ ತೆಗೆದು, ಅಡಿಕೆಯನ್ನು ಸೆರಗಿಗೆ ಸುರಿದುಕೊಂಡು, ಚೀಲವನ್ನು ಒಳಹೊರಗು ಮಾಡಿ ಎಸೆದಳು. ದಾರವೆಲ್ಲ ಎಡಕ್ಕೆ ಒರಗಿತ್ತು. ಹೇತಲ್ ಕತ್ತರಿ ಆಡಿಸಿದಳು. ಕೆಂಪು ಅಸ್ತರು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಹೊರಗಡೆ ಮಾಸಿದ್ದ ಬಣ್ಣಗಳು ಒಳಗೆ ನಿನ್ನೆ ಹೊಲಿದ ಹಾಗೆ ಉಳಿದಿದ್ದವು, ಹಸಿರು, ಹಳದಿ, ಕಿತ್ತಳೆ. ದಾರವೆಲ್ಲ ಎಡಕ್ಕೇ ಒರಗಿತ್ತು.

ವೇಜು ಕನ್ನಡಕ ಏರಿಸಿ ಬೆರಳು ಓಡಿಸಿದಳು. “ಇದು ಸೇಜು. ಇದು ಸೇಜು. ಚೇಳು ಸೇಜು. ನೀರಿನವರು ಸೇಜು. ಎಂಥ ಕೈಯೇ ನಿಂದು, ಸುಡಲಿ!” ಬೆರಳು ಒಂದು ಮೂಲೆಯಲ್ಲಿ ಗಕ್ಕನೆ ನಿಂತಿತು. “ಇದ್ಯಾರಪ್ಪಾ ಇಲ್ಲಿ? ಕೋಳಿ ತಿಪ್ಪೆ ಕೆದರಿದ ಹಾಗೆ!”

ಎಲ್ಲರೂ ಬಗ್ಗಿದರು. ಎಡಕ್ಕೆ ಒರಗಿದ ಸಾವಿರ ದಾರಗಳ ನಡುವೆ ಅಂಗೈಯಷ್ಟು ಜಾಗದಲ್ಲಿ ಬಲಕ್ಕೆ ಒರಗಿದ, ಸಿಕ್ಕುಸಿಕ್ಕಾದ, ಗಂಟಿನ ಮೇಲೆ ಗಂಟು ಬಿದ್ದ ಒಂದು ಗುಡ್ಡೆ. ಎರಡು ಕಡೆ ಕಂದಿದ ಕಪ್ಪು ಚುಕ್ಕೆ, ಬೆರಳಿಗೆ ಚುಚ್ಚಿದ ರಕ್ತದ್ದು. ಚೀಲದ ಮುಂಭಾಗ ತಿರುವಿದರೆ ಅಲ್ಲಿ ಕೂತಿದ್ದುದು ಒಂದು ಗಿಳಿ.

ಮೋಂಘಿ ಕನ್ನಡಕ ಒರೆಸಿಕೊಂಡು ನೋಡಿದಳು. ಮತ್ತೆ ಒರೆಸಿಕೊಂಡಳು.

“ಬಿಚ್ಚಿಹಾಕ್ತೀನಿ ಅಂದಿದ್ದೆಯಲ್ಲೇ!”

“ಅಂದಿದ್ದೆ,” ಅಂದಳು ಸೇಜು. ಈಗ ಬಂದು ಅಕ್ಕನ ಪಕ್ಕದಲ್ಲಿ ಕೂತಳು. “ಬ್ಲೇಡು ಹಿಡ್ಕೊಂಡು ಕೂತೆ. ನೀನು ಬೆರಳಿಗೆ ಬಟ್ಟೆ ಸುತ್ಕೊಂಡು ಪಕ್ಕದಲ್ಲೇ ಮಲಗಿದ್ದೆ. ನಾಲ್ಕು ದಿನ ಒದ್ದಾಡಿದ್ದೆ ಪಾಪ. ಬಿಚ್ಚೋಕೆ ಮನಸ್ಸು ಬರಲಿಲ್ಲ. ಮುಂದಿಂದ ಅದರ ಮೇಲೇ, ಸೂಜಿ ಹಿಂದಕ್ಕೆ ದಾಟದ ಹಾಗೆ ಹೊಲಿದೆ. ನಿನ್ನ ಗಿಳಿ ಕೆಳಗಡೆ ಹಾಗೇ ಇದೆ.”

ಮೋಂಘಿ ಆ ಗಂಟುಗಳನ್ನು ಬೆರಳಿನಿಂದ ತಡವಿದಳು. ಯಾವ ಅಸ್ತರು ಬಿಚ್ಚಿದರೆ ತನ್ನ ಮಾನ ಹೋಗುತ್ತದೆಂದು ಇಷ್ಟು ವರ್ಷ ಹೆದರಿದ್ದಳೋ, ಅದರ ಕೆಳಗೇ ಅವಳ ನಾಲ್ಕು ದಿನ ಭದ್ರವಾಗಿ ಕೂತಿತ್ತು.

“ನಿನಗೆ ನನ್ನ ಮೇಲೆ ಸಿಟ್ಟಿರಲಿಲ್ವೇನೇ?”

“ಇತ್ತು. ಹೊಲಿದಿದ್ದಕ್ಕಲ್ಲ, ಅದು ನಾನೇ ಇಷ್ಟಪಟ್ಟು ಹೊಲಿದಿದ್ದು. ಅವತ್ತು ಅಷ್ಟು ಜನರ ಮುಂದೆ ಅತ್ತೆ ಬೈದಾಗ ನೀನು ಮೂಗಿ ಥರ ಕೂತಿದ್ದೆಯಲ್ಲ, ಅದಕ್ಕೆ.” ಸೇಜು ಸೆರಗಿನಿಂದ ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. “ಇವತ್ತು ಇಷ್ಟು ಜನರ ಮುಂದೆ ಮಾತಾಡಿದೆ. ಹೋಗ್ಲಿ ಬಿಡು. ಸ್ವಲ್ಪ ತಡ ಆಯ್ತು ಅಷ್ಟೇ. ಸೋಮಾರಿ ಯಾರು ಅಂತ ಈಗಾದ್ರೂ ಗೊತ್ತಾಯ್ತು.”

ಮೋಂಘಿ ತಂಗಿಯ ಭುಜಕ್ಕೆ ತಲೆಯಿಟ್ಟು ಅತ್ತಳು, ಮನಸಾರೆ ಅತ್ತಳು. ಅಳು ಮುಗಿದಾಗ ಮೈ ಹತ್ತಿಯ ಹಾಗೆ ಹಗುರಾಗಿತ್ತು. ಹಸಿವೆಯೂ ಆಗಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಬ್ಬಳು ಎದ್ದು, ಹೇತಲ್‌ಬೆನ್, ಇನ್ನೂ ಬೆನ್ನು ಓದಿಲ್ಲದ ನನ್ನ ತೋರಣದಲ್ಲಿ ಅರ್ಧ ನಮ್ಮ ಸೋದರತ್ತೆ ಕೈ ಅಂದಳು. ಇನ್ನೊಬ್ಬಳು, ನನ್ನ ಲಂಗದ ಅಂಚು ಅಮ್ಮ ಹಾಕಿದ್ದು ಅಂದಳು. ಹೇತಲ್ ತಲೆ ಮೇಲೆ ಕೈಹೊತ್ತು, ತಗಡಿನ ಬರಹವನ್ನೆಲ್ಲ ಮತ್ತೆ ಬರೆಯಬೇಕಲ್ಲ ಅಂತ ಗೊಣಗುತ್ತ ಬರೆದುಕೊಳ್ಳತೊಡಗಿದಳು. ಈ ಸಲ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಳು.

ಚೀಲಕ್ಕೆ ಮತ್ತೆ ಅಸ್ತರು ಹಾಕಲಿಲ್ಲ. ಎರಡು ಗಾಜಿನ ನಡುವೆ ಕೂರಿಸಿ, ಗೋಡೆಯಿಂದ ಒಂದು ಮಾರು ಮುಂದಕ್ಕೆ ತೂಗುಹಾಕಿದರು. ಮುಂದಿನಿಂದ ನೋಡಿದವರು ಸುತ್ತಿ ಬಂದು ಬೆನ್ನನ್ನೂ ನೋಡಬಹುದು. ತಗಡು ಹತ್ತಿದ ದಿನ ಸೇಜು ಹೊಸ ಸೆರಗು ಹೊದ್ದು, ಇಬ್ಬರು ಸೊಸೆಯರನ್ನು ಕರೆದುಕೊಂಡು ಮೊದಲ ಛಕಡಾದಲ್ಲೇ ಬಂದಿಳಿದಳು. ರಾಣಾಭಾಯ್ ಅವತ್ತೂ ಮೀಸೆ ಸವರಿಕೊಂಡು, ನಮ್ಮ ನಾದಿನಿಯ ಕೈ ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

“ಓದು ಮಗಳೇ,” ಅಂದಳು ಸೇಜು.

ಹೇತಲ್ ಓದಿದಳು: “ಕಸೂತಿ: ಸೇಜುಬೆನ್. ಒಂದು ಗಿಳಿ: ಮೋಂಘಿಬೆನ್.”

“ಇನ್ನೊಂದ್ಸಲ ಓದು.”

ಹೇತಲ್ ಮತ್ತೆ ಓದಿದಳು. ಸೇಜು ಎಡಗೈಯ ಬೆರಳನ್ನು ಹಿತ್ತಾಳೆಯ ಮೇಲಿಟ್ಟು, ತನ್ನ ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ತೋರಿಸಿಕೊಂಡಳು. ಅಕ್ಷರಗಳನ್ನು ಒಂದೊಂದಾಗಿ ಸವರಿದಳು, ಹಿಂದೆ ಮುಂದೆ ಖಾಲಿಯಿದ್ದ ಜಾಗವನ್ನೂ ಸವರಿದಳು. ಆಮೇಲೆ ಅಕ್ಕನ ಕಡೆ ತಿರುಗಿ, ಸೊಸೆಯರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

“ಇದರಲ್ಲಿ ಸೋಮಾರಿ ಅಂತ ಎಲ್ಲೂ ಇಲ್ಲ ತಾನೇ?”

“ಇಲ್ಲ ಕಣೇ,” ಅಂದಳು ಮೋಂಘಿ. “ಎಲ್ಲೂ ಇಲ್ಲ.”

ಸೇಜು ಹೂಂ ಅಂದಳು. ಆಮೇಲೆ ಇಬ್ಬರೂ ಜಗಲಿಗೆ ಬಂದು ಕೂತು ಬಸಿಯಲ್ಲಿ ಚಹಾ ಕುಡಿದರು.